ಮಗನ ವಿಮಾನ ರನ್‌ವೇ ಬಿಟ್ಟು ಹೋತು: ಮುಂದುವರಿಸಬೇಕೋ, ಬಿಡಿಸಬೇಕೋ?

ಸಿಂಧನೂರಿನ ತಂದೆ: ಮಗ ಪೈಲಟ್ ತರಬೇತಿಯಾಗ ಅದಾನ, 34 ತಾಸು ಹಾರಾಟ ಆಗ್ಯಾವ. ಹೋದ ವಾರ ಸೋಲೋ, ಅಂದ್ರ ಒಬ್ಬನೇ ಹಾರಿಸಿ ಇಳಿಯುವಾಗ ರನ್‌ವೇ ಬಿಟ್ಟು ಹುಲ್ಲಿಗೆ ಹೋಗಿ ಮುಂದಿನ ಗಾಲಿ ಮುರೀತು. ಮೈಗೆ ಗೀರೂ ಇಲ್ಲ. ಅವರವ್ವ ಸಾಕು ಅಂತಾಳ. ಅನುಭವ ಇದ್ದವರು ಹೇಳ್ರಿ.

ಗಂಗಾವತಿ ರೈತ: ನಾನು 2 ಎಕರೆ ನೀರಾವರಿ ಮಾರಿ ಮಗಳನ್ನ ಕಳಿಸೀನಿ. 200 ತಾಸು 14 ತಿಂಗಳಾಗ ಮುಗಸ್ತೀವಿ ಅಂದ್ರು, 31 ತಿಂಗಳು ಹಿಡೀತು. ಯಾವನೋ ಹುಡುಗ ಒಂದು ವಿಮಾನ ಜಖಂ ಮಾಡಿದ, ಇನ್ನೊಂದು ಬಿಡಿಭಾಗಕ್ಕ ಕಾದು ಶೆಡ್ಡಿನಾಗ ನಿಂತ್ಕೊಂತು. ಹಾರಲಿ ಬಿಡಲಿ, ಹಾಸ್ಟೆಲ್‌ಗೆ ತಿಂಗಳಿಗೆ 11,500. ನಡುವೆ ಮೆಡಿಕಲ್ ಸರ್ಟಿಫಿಕೇಟಿನ ಅವಧಿ ಮುಗೀತು, ಮತ್ತ ಬೆಂಗಳೂರಿಗೆ ಓಡಾಟ. 45 ಲಕ್ಷ ಅಂದದ್ದು 58 ಲಕ್ಷ 40 ಸಾವಿರಕ್ಕ ನಿಂತೈತಿ, ಒಂದೊಂದು ರಸೀದಿ ಇಟ್ಟೀನಿ. ಲೈಸೆನ್ಸ್ ಬಂತು. ಕೆಲಸ? ಒಂದು ನಮೂನಿ ದೊಡ್ಡ ವಿಮಾನ ಹಾರಸಾಕ ಬೇಕಾಗೋ ತರಬೇತಿ, ಅದೇ ಟೈಪ್ ರೇಟಿಂಗ್‌ಗೆ ಮತ್ತ ರೊಕ್ಕ ಬೇಕಂತ.

ಬಳ್ಳಾರಿ ಹುಡುಗ: ನಂದು ಸೆಸ್ನಾ 152, ಎರಡು ಸೀಟಿನ ಸಣ್ಣ ವಿಮಾನ. 22ನೇ ತಾಸು. ಸ್ಪೀಡ್ ಜಾಸ್ತಿ ಇತ್ತು, ಗಾಲಿ ತಾಗಿದ್ದೇ ಚೆಂಡಿನಂಗ ಪುಟೀತು. ಗಾಬರಿಗೆ ವಿಮಾನದ ಮೂಗು ಕೆಳಗ ಒತ್ತಿದೆ. ಎರಡನೇ ಸಲ ಇನ್ನೂ ಎತ್ತರ ಪುಟೀತು. ಮೂರನೇದಕ್ಕ ಪ್ರೊಪೆಲ್ಲರ್ ಡಾಂಬರು ಕೆರೀತು. ಇಳಿದು ನೋಡಿದ್ರ ಎರಡೂ ಅಲಗು ಬಾಡಿದ ಬಾಳೆ ಎಲಿ ಹಂಗ ಮಡಚಿದ್ವು. ಎಂಜಿನ್ ಪೂರಾ ಬಿಚ್ಚಿದ್ರು. ಮೊದಲ ಪುಟಿತಕ್ಕೇ ಫುಲ್ ಪವರ್ ಕೊಟ್ಟು ಗೋ-ಅರೌಂಡ್ (ಇಳಿಯೋದು ಬಿಟ್ಟು ಮತ್ತ ಮ್ಯಾಲೇಳೋದು) ಮಾಡಿದ್ರ ಏನೂ ಆಗ್ತಿರಲಿಲ್ಲ. ಆರು ವಾರಕ್ಕ ಮತ್ತ ಹತ್ತೀನಿ. ಬಿಡಿಸಬ್ಯಾಡ್ರಿ.

ರಾಯಚೂರಿನಾಂವ: ನೀ ಉಳಿದೀ, ಅದಕ್ಕ ಹಂಗಂತಿ. ನಾ 61 ತಾಸಿಗೆ ಬಿಟ್ಟೀನಿ, ನಾಚಿಕಿ ಇಲ್ಲ. ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ. ಕಾದ ಗಾಳಿ ತೆಳು, ರೆಕ್ಕಿಗೂ ಬಲ ಸಾಲದು, ಎಂಜಿನ್ನಿಗೂ ಉಸಿರು ಸಾಲದು. ಟ್ಯಾಂಕ್ ತುಂಬ ಎಣ್ಣಿ, ಮ್ಯಾಲೆ ಇಬ್ಬರು. ರನ್‌ವೇ ಮುಗಿಯಾಕ ಬಂದ್ರೂ ಏಳವಲ್ದು. ಕಾಂಪೌಂಡಿನ ಮುಳ್ಳುತಂತಿ ಎಣಿಸುವಷ್ಟು ಹತ್ರದಾಗ ದಾಟೀವಿ. ಇಳಿದ ಮ್ಯಾಲೆ ಇನ್‌ಸ್ಟ್ರಕ್ಟರ್ ಸುಮ್ಮನ ಚಾ ಕುಡಿಯಾಕ ಹೋದ.

ಬಳ್ಳಾರಿ ಹುಡುಗ: ಎಷ್ಟು ಬಿಸಿಲು, ತೂಕಕ್ಕ ಎಷ್ಟು ರನ್‌ವೇ ಬೇಕು ಅನ್ನೋ ಚಾರ್ಟ್ ನೋಡದ ಹೊಂಟದ್ದು ನಿಮ್ಮ ತಪ್ಪು, ಬಿಸಿಲಿಂದಲ್ಲ.

ರಾಯಚೂರಿನಾಂವ: 22 ತಾಸಿಗೆ ವಿಮಾನ ಮುರದಾಂವ ನನಗ ಚಾರ್ಟ್ ಕಲಸ್ತಾನ!

ಕೊಪ್ಪಳದಿಂದ: ಜಗಳ ಬಿಡ್ರಿ. ರಾಯಚೂರು ಹತ್ರ ಯರಮರಸ್ ವಿಮಾನ ನಿಲ್ದಾಣ ಎಷ್ಟು ವರ್ಷದಿಂದ ಕೇಳಾಕತ್ತೀವಿ? ಹತ್ರದಾಗ ಕಲಿಯಂಗಿದ್ರ ಹಾಸ್ಟೆಲ್ ಖರ್ಚರ ಉಳೀತಿತ್ತು.

ಗಂಗಾವತಿ ರೈತ: ನಿಲ್ದಾಣದ ಮಾತು ಎತ್ತಬ್ಯಾಡ್ರಿ. ನೀರಾವರಿ ಹೊಲ ಹೋಗೋ ಸಂಕಟ ಬಳ್ಳಾರಿ ವಿಮಾನ ನಿಲ್ದಾಣಕ್ಕ ಹೊಲ ಹೋದ ಸಿರಿವಾರ, ಚಾಗನೂರು ರೈತರನ್ನ ಕೇಳ್ರಿ.

ಬಳ್ಳಾರಿ ಹುಡುಗ: ನಿಮ್ಮ ಹೊಲ ನೀವೇ ಮಾರೀರಿ, ಕಾಕಾ.

ಗಂಗಾವತಿ ರೈತ: ಮಗಳಿಗಾಗಿ ಮಾರೀನಿ. ನಿನ್ನಂಗ ಪ್ರೊಪೆಲ್ಲರ್ ಮುರಿಯಾಕಲ್ಲ.