ಗೇರ್ ಬಾಕ್ಸ್ ಸ್ಕ್ರೂ ನಿಲ್ಲುತ್ತಲೇ ಇಲ್ಲ, ತಲೆ ಕೆಟ್ಟು ಹೋಗಿದೆ

ಕರಿಮಣ್ಣು (ಕಲಬುರಗಿ)
ಈ ವಾರದಲ್ಲಿ ಇದು ಮೂರನೇ ಸಲ. ನನ್ನ ರಿಮೋಟ್ ಕಾರಿಗೆ ಬ್ಯಾಟರಿ ಹಾಕಿ ಐದು ನಿಮಿಷ ಓಡಿಸಿದರೆ ಸಾಕು, ಹಿಂದಿನ ಗೇರ್ ಬಾಕ್ಸ್ ಮುಚ್ಚಳದ ಸ್ಕ್ರೂ ಸಡಿಲ. ಒಂದಂತೂ ಎಲ್ಲಿ ಬಿತ್ತೋ ಗೊತ್ತಿಲ್ಲ. ನಿನ್ನೆ ಸಂಜೆ ಅಪ್ಪನ ಕೆರೆ ಹತ್ತಿರ ಹತ್ತು ಮಕ್ಕಳು ಸುತ್ತ ನಿಂತು ನೋಡುತ್ತಿರುವಾಗಲೇ ಗರ್ ಅಂತ ಸದ್ದು ಬಂತು, ಗಾಡಿ ನಿಂತಿತು. ಮರ್ಯಾದೆ ಹೋಯಿತು. ಸ್ಕ್ರೂ ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇರುತ್ತದೆ, ಕೂರುವುದೇ ಇಲ್ಲ. ನಿಜವಾದ ಗಾಡಿಯ ಹದಿನಾಲ್ಕನೇ ಒಂದು ಅಳತೆಯ (1/14) ಬಗ್ಗಿ. ಏನು ಮಾಡಲಿ? ಹೊಸ ಪಾರ್ಟ್ ತಗೋ ಅಂತ ಮಾತ್ರ ಹೇಳಬೇಡಿ.

ನೀಲಿಬಾಟಲಿ (ಕಲಬುರಗಿ)
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳೋದಾ? ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿ ಮಾಡಿ, ರಾತ್ರಿ ಪೂರ್ತಿ ಬಿಡಿ. ಕೆಂಪು ಬೇಡ, ಆಮೇಲೆ ಬಿಚ್ಚೋಕೆ ಆಗಲ್ಲ.

ಜಂಬಿಟ್ಟಿಗೆ (ಬೀದರ್)
ಪ್ಲಾಸ್ಟಿಕ್ಕಿಗೆ ಥ್ರೆಡ್‌ಲಾಕ್ ಹಾಕಬೇಡ್ರಿ ಅಣ್ಣಾ. ಅದು ಗಟ್ಟಿಯಾಗೋದು ಗಾಳಿ ಸಿಗದ ಜಾಗದಲ್ಲಿ, ಲೋಹಕ್ಕೆ ಲೋಹ ತಾಗಿದಾಗ. ಪ್ಲಾಸ್ಟಿಕ್ ತೂತಿನೊಳಗೆ ಎಣ್ಣೆ ತರ ಹಸಿಯಾಗೇ ಉಳಿಯುತ್ತದೆ, ಸ್ಕ್ರೂ ಇನ್ನೂ ಜಾರುತ್ತದೆ. ಎಬಿಎಸ್, ಪಾಲಿಕಾರ್ಬೊನೇಟ್ ಜಾತಿಯ ಪ್ಲಾಸ್ಟಿಕ್ ಆದರೆ ಬಿರುಕೂ ಬಿಡಬಹುದು.

ನೀಲಿಬಾಟಲಿ
ನಾನು ನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ. ಒಂದು ಸ್ಕ್ರೂ ಬಿದ್ದಿಲ್ಲ.

ಜಂಬಿಟ್ಟಿಗೆ
ನಿಮ್ಮ ಗಾಡಿಯ ಚಾಸಿಸ್ಸೂ ಅಲ್ಯೂಮಿನಿಯಂ, ಮೋಟಾರ್ ಮೌಂಟೂ ಅಲ್ಯೂಮಿನಿಯಂ. ಅಲ್ಲಿ ಹಾಕಲೇಬೇಕು. ಇವರದು ಪ್ಲಾಸ್ಟಿಕ್ ಅಂತ ಹೇಳುತ್ತಿದ್ದಾರಲ್ವಾ?

ನೀಲಿಬಾಟಲಿ
ಎಲ್ಲಿ ಹೇಳಿದ್ದಾರೆ? ಮೇಲೆ ಓದಿ.

ಜಂಬಿಟ್ಟಿಗೆ
ಸರಿ, ಹೇಳಿಲ್ಲ. ಆದರೆ ಗೇರ್ ಬಾಕ್ಸ್ ಮತ್ತೆ ಯಾವುದರದ್ದು ಇರುತ್ತದೆ, ಬಿದರಿ ಕೆಲಸದ್ದಾ?

ಯಾದಗಿರಿ ಡ್ರಿಫ್ಟ್
ಎಲ್ಲರೂ ಒಂದು ಮಾತು ಬಿಟ್ಟಿದ್ದೀರಿ. ಸ್ಕ್ರೂಡ್ರೈವರ್ ಯಾವುದು? ಟಮಿಯಾ ಕಂಪನಿಯ ಗಾಡಿ ಕಿಟ್‌ನಲ್ಲಿ ಬರುವ ಪ್ಲಸ್ ತಲೆ ಸ್ಕ್ರೂ ಜಪಾನಿನ ಜೆಐಎಸ್ ಅಳತೆಯದು. ನಮ್ಮ ಅಂಗಡಿಯಲ್ಲಿ ಸಿಗುವ ಫಿಲಿಪ್ಸ್ ಹಾಕಿದರೆ ಸರಿಯಾಗಿ ಕೂರಲ್ಲ, ತಲೆ ಸವೆಯುತ್ತದೆ. ನಾನು ಜೆಐಎಸ್ ಸೆಟ್ ತರಿಸಿದ ಮೇಲೆ ಜೀವನವೇ ಬದಲಾಯಿತು.

ಜಂಬಿಟ್ಟಿಗೆ
ಅವರ ಸ್ಕ್ರೂ ತಲೆ ಚೆನ್ನಾಗಿದೆ ಮಾರಾಯ, ಕೆಟ್ಟಿರೋದು ತೂತು.

ಹಳೇ ನೈಟ್ರೋ (ಕಲಬುರಗಿ)
ತಮ್ಮಾ ಕರಿಮಣ್ಣು, ಇವರ ಜಗಳ ಬಿಡು. ಕಂಪನಿ ಸ್ಕ್ರೂನೇ ಇದೆಯಾ, ಬದಲಾಯಿಸಿದ್ದೀಯಾ? ಹೊರಗೆ ಬಂದ ಸ್ಕ್ರೂ ಮೇಲೆ ಏನಾದರೂ ಅಂಟಿಕೊಂಡಿದೆಯಾ, ಬಿಸಿಲಿಗೆ ಹಿಡಿದು ನೋಡಿ ಹೇಳು.

ಕರಿಮಣ್ಣು
ಈಗ ನೋಡಿದೆ ಅಂಕಲ್. ಸ್ಕ್ರೂ ಚೂಡಿಯ (ಥ್ರೆಡ್‌ನ) ತುಂಬ ಕಪ್ಪು ನೂಲಿನಂಥದ್ದು ಸುತ್ತಿಕೊಂಡಿದೆ, ಉಗುರಿನಿಂದ ಎಳೆದರೆ ಸ್ಪ್ರಿಂಗ್ ತರ ಸುರುಳಿಯಾಗಿ ಬರುತ್ತದೆ. ಕಂಪನಿ ಸ್ಕ್ರೂ ತುಕ್ಕು ಹಿಡಿದಿತ್ತು ಅಂತ ತೆಗೆದು ಎಸೆದೆ. ಸ್ಟೇಷನ್ ರೋಡ್ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ3 (ಮೂರು ಮಿಲಿಮೀಟರ್ ದಪ್ಪದ) ಸ್ಟೀಲ್ ಸ್ಕ್ರೂ ತಂದು ಹಾಕಿದೆ. ಬ್ಯಾಟರಿ ಡ್ರಿಲ್‌ನಿಂದ ಗಟ್ಟಿಯಾಗೇ ಬಿಗಿ ಮಾಡಿದ್ದೆ. ಮತ್ತೆ 3ಎಸ್ ಬ್ಯಾಟರಿ (ಮೂರು ಸೆಲ್, ಪವರ್ ಜಾಸ್ತಿ), ಗಾಡಿ ಜೊತೆ ಬಂದಿದ್ದು ಎರಡು ಸೆಲ್ಲಿನ 2ಎಸ್. ಅದಕ್ಕೂ ಇದಕ್ಕೂ ಸಂಬಂಧ ಇರಲ್ಲ ಅಂದುಕೊಂಡೆ.

ಜಂಬಿಟ್ಟಿಗೆ
ಯಪ್ಪಾ. ಇದನ್ನ ಮೊದಲೇ ಹೇಳಬೇಕಿತ್ತು.

ಹಳೇ ನೈಟ್ರೋ
ಆ ಕಪ್ಪು ಸುರುಳಿಯೇ ನಿನ್ನ ತೂತಿನೊಳಗಿದ್ದ ಥ್ರೆಡ್. ತೂತಿನೊಳಗೆ ಈಗ ಏನೂ ಉಳಿದಿಲ್ಲ. ಕಂಪನಿ ಹಾಕೋದು ತಾನೇ ಗೆರೆ ಕೊಯ್ದುಕೊಳ್ಳುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಅದರ ಚೂಡಿ ಅಗಲ, ಪ್ಲಾಸ್ಟಿಕ್ಕನ್ನು ಆಳವಾಗಿ ಕಚ್ಚುತ್ತದೆ. ಮಾಮೂಲಿ ಎಂ3 ಒಂದು ಸುತ್ತಿಗೆ ಬರೀ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಅಷ್ಟು ಸಣ್ಣ ಚೂಡಿ ಹಳೇ ಗೆರೆಯನ್ನು ಅಡ್ಡಡ್ಡ ಕೊಯ್ದು ಹಾಕಿತು, ಉಳಿದದ್ದನ್ನು ನಿನ್ನ ಡ್ರಿಲ್ ಮುಗಿಸಿತು. ಪ್ಲಾಸ್ಟಿಕ್ಕಿಗೆ ಕೈಯೇ ಸಾಕು. ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸು. ಸಣ್ಣಗೆ ಟಕ್ ಅಂತ ಬೀಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೇ ಗೆರೆಯಲ್ಲೇ ಹೋಗುತ್ತದೆ, ಹೊಸದು ಕೊಯ್ಯಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಗಾಡಿ ಉಳಿಯುತ್ತವೆ.

ಈಗ ತೂತಿನ ಸುತ್ತಲಿನ ಗೋಡೆ ನೋಡು. ಸ್ಕ್ರೂ ಹಾಕಿದಾಗ ಬಿರುಕಿನ ಬಿಳಿ ಗೆರೆ ಬಾಯಿ ತೆರೆಯುತ್ತಾ? ತೆರೆದರೆ ಬೇರೆ ದಾರಿ. ಇಲ್ಲ ಅಂದರೆ ಕಡ್ಡಿ ತುದಿಗೆ ಫೆವಿಕ್ವಿಕ್ ತಗೊಂಡು ತೂತಿನ ಒಳಗೆ ತೆಳ್ಳಗೆ ಸವರು, ಒಂದು ದಿನ ಬಿಡು. ಪೂರ್ತಿ ಒಣಗಿದ ಮೇಲೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಆಗುವುದಾದರೆ ಮೊದಲಿನದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಉದ್ದದ್ದು. ಹಸಿ ಇರುವಾಗ ಸ್ಕ್ರೂ ಹಾಕಿದರೆ ಅಲ್ಲೇ ಸಮಾಧಿ. ಬೇರಿಂಗ್ ಮೊದಲೇ ತೆಗೆದಿಡು, ಒಂದು ಹನಿ ಇಳಿದರೂ ಅದು ಹೋಯಿತು.

ನೀಲಿಬಾಟಲಿ
ಫೆವಿಕ್ವಿಕ್ ಹಾಕಬಹುದು, ಥ್ರೆಡ್‌ಲಾಕ್ ಹಾಕಬಾರದು. ಚೆನ್ನಾಗಿದೆ ನಿಮ್ಮ ನ್ಯಾಯ.

ಜಂಬಿಟ್ಟಿಗೆ
ನಾನು ಈ ತಾಪತ್ರಯವೇ ಬೇಡ ಅಂತ ನನ್ನ ಟ್ರಗ್ಗಿ (ಟ್ರಕ್ಕು, ಬಗ್ಗಿ ಎರಡೂ ಬೆರೆತ ಗಾಡಿ) ಪೂರ್ತಿ ಒಳಗೆ ಚೂಡಿ ಇರುವ ಸಣ್ಣ ಹಿತ್ತಾಳೆ ಕೊಳವೆ ಅಂದರೆ ಇನ್‌ಸರ್ಟ್ ಹಾಕಿಬಿಟ್ಟೆ. ಸೋಲ್ಡರಿಂಗ್ ಐರನ್ ತುದಿಯಲ್ಲಿಟ್ಟು ಒತ್ತಿದರೆ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತದೆ. ಮೂವತ್ತೆರಡು ಇನ್‌ಸರ್ಟ್, ಟೈಟಾನಿಯಂ ಸ್ಕ್ರೂ, ಮುಂದೆ ಹಿಂದೆ ಬೇರೆ ಬೇರೆ ಶಾಕ್ ಅಬ್ಸಾರ್ಬರ್ ಎಣ್ಣೆ. ಕೋಟೆ ಕಡೆಯ ಕೆಂಪು ಮಣ್ಣಿನಲ್ಲಿ ಓಡಿಸಿದರೆ ನೋಡಬೇಕು ನೀವು. ನಿಮ್ಮ ಕರಿ ಮಣ್ಣು ಮಳೆ ಬಂದರೆ ಚಕ್ರಕ್ಕೆ ನಾದಿದ ಹಿಟ್ಟಿನ ಹಾಗೆ ಮೆತ್ತುತ್ತದೆ, ಗೇರ್ ಬಾಕ್ಸ್ ಹೋಗದೆ ಇನ್ನೇನು?

ನೀಲಿಬಾಟಲಿ
ನಿಮ್ಮ ಕೆಂಪು ಧೂಳು ಬೇರಿಂಗ್‌ಗೆ ಹೋದರೆ ಉಪ್ಪು ಕಾಗದ. ಅದನ್ನ ಹೇಳಲ್ಲ ಯಾರೂ.

ಯಾದಗಿರಿ ಡ್ರಿಫ್ಟ್
ಮೂವತ್ತೆರಡು ಇನ್‌ಸರ್ಟಿನ ತೂಕ ಎಷ್ಟಾಯಿತು? ಫೋಟೊ ಹಾಕಿ.

ಕರಿಮಣ್ಣು
ಮೂರು ತೂತು ಸರಿ ಇವೆ ಅಂಕಲ್. ಎಡಗಡೆ ಕೆಳಗಿನದಕ್ಕೆ ಬಿಳಿ ಗೆರೆ ಇದೆ. ಸ್ಕ್ರೂ ಒಳಗೆ ಹೋದಾಗ ತೆರೆಯುತ್ತದೆ, ತೆಗೆದಾಗ ಮುಚ್ಚಿಕೊಳ್ಳುತ್ತದೆ. ಗಾಡಿ ಮೇ ತಿಂಗಳು ಪೂರ್ತಿ ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿತ್ತು, ಅದಕ್ಕೇನಾ?

ಹಳೇ ನೈಟ್ರೋ
ಅದೂ ಸೇರಿದೆ. ನೈಲಾನ್ ಪ್ಲಾಸ್ಟಿಕ್ಕಿನ ಒಳಗಿನ ತೇವ ಒಣಗಿದರೆ ಬಿರುಸಾಗುತ್ತದೆ. ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಹಾಕಿದರೆ ಮತ್ತೆ ಸ್ವಲ್ಪ ಬಾಗುವ ಗುಣ ಬರುತ್ತದೆ. ಬೇರಿಂಗ್, ಗ್ರೀಸ್ ಎಲ್ಲ ತೆಗೆದ ಮೇಲೆ. ನಾನು ಒಮ್ಮೆ ಮನೆಯವರ ಹಾಲಿನ ಪಾತ್ರೆಯಲ್ಲಿ ಕುದಿಸಿದೆ. ಆ ಪಾತ್ರೆ ಈಗ ನನ್ನದೇ.

ಸೀಳಿದ ತೂತಿಗೆ ಒಳಗೆ ಏನು ತುಂಬಿದರೂ ವ್ಯರ್ಥ, ಹೊರಗಿನಿಂದ ಬಿಗಿಯಬೇಕು. ಹೊಲಿಗೆ ದಾರ ಹತ್ತು ಹನ್ನೆರಡು ಸುತ್ತು ಒತ್ತೊತ್ತಾಗಿ ಸುತ್ತಿ ಅದರ ಮೇಲೆ ಫೆವಿಕ್ವಿಕ್. ಹತ್ತಿ ದಾರ ಆದರೆ ಒಂದೊಂದೇ ಹನಿ. ಜಾಸ್ತಿ ಸುರಿದರೆ ಕಾದು ಹೊಗೆ ಬರುತ್ತದೆ, ನನ್ನ ಹೆಬ್ಬೆರಳು ಸಾಕ್ಷಿ. ಆಚೆ ಬದಿ ಜಾಗ ಇದ್ದರೆ ಆರಪಾರ ತೂತು ಮಾಡಿ ಉದ್ದ ಬೋಲ್ಟ್ ಹಾಕಿ ತಾನಾಗಿ ಸಡಿಲವಾಗದ ನೈಲಾಕ್ ನಟ್ ಬಿಗಿ. ನೋಡೋಕೆ ಚೆನ್ನಾಗಿರಲ್ಲ, ಆದರೆ ನಿಲ್ಲುತ್ತದೆ. ಮತ್ತೆ 2ಎಸ್ ಹಾಕಪ್ಪ.

ಕರಿಮಣ್ಣು
ನಾಲ್ಕು ದಿನ ಆಯಿತು. ಮೂರಕ್ಕೆ ಫೆವಿಕ್ವಿಕ್, ಒಂದಕ್ಕೆ ದಾರ. 2ಎಸ್‌ನಲ್ಲಿ ಎರಡು ಬ್ಯಾಟರಿ ಓಡಿಸಿದೆ, ಅಲುಗಾಡಿಲ್ಲ. ಆಮೇಲೆ ಒಂದೇ ಒಂದು ಸಲ 3ಎಸ್ ಹಾಕಿದೆ. ದಾರ ಸುತ್ತಿದ್ದು ಹಾಗೇ ಇದೆ, ಪಕ್ಕದ್ದು ಅರ್ಧ ಸುತ್ತು ಸಡಿಲ.

ಹಳೇ ನೈಟ್ರೋ
ನಾನೇನೂ ಹೇಳಲ್ಲ.

ಜಂಬಿಟ್ಟಿಗೆ
ಕಳೆದ ಸ್ಕ್ರೂ ಸಿಕ್ಕಿತಾ?

ಕರಿಮಣ್ಣು
ಸಿಕ್ಕಿತು. ಕೆರೆ ಹತ್ತಿರ ಅರ್ಧ ಗಂಟೆ ಮೊಬೈಲ್ ಟಾರ್ಚ್ ಹಿಡಿದು ಹುಡುಕಿದ್ದೆ. ಮೋಟಾರಿನ ಹಿಂಬದಿ ಅಯಸ್ಕಾಂತಕ್ಕೆ ಅಂಟಿಕೊಂಡು ಕೂತಿತ್ತು.

ಯಾದಗಿರಿ ಡ್ರಿಫ್ಟ್
ಇನ್‌ಸರ್ಟ್ ಫೋಟೊ ಇನ್ನೂ ಬಂದಿಲ್ಲ.