ಡಯಾಫ್ರಂ ಸ್ಪ್ರಿಂಗ್ ಕ್ಲಚ್: ಲೈನಿಂಗ್ ಸವೆದಂತೆ ಲೋಡ್ ಏರುತ್ತಿದೆ, ತಪ್ಪೆಲ್ಲಿ?

ಪ್ರಶ್ನೆ:
130 ನ್ಯೂಟನ್ ಮೀಟರ್ ಟಾರ್ಕಿನ ಕಾರ್ ಎಂಜಿನ್‌ಗೆ ಸಿಂಗಲ್ ಪ್ಲೇಟ್ ಕ್ಲಚ್. ಲೈನಿಂಗ್ (ಪ್ಲೇಟಿನ ಎರಡೂ ಬದಿಯ ಘರ್ಷಣೆಯ ಪದರ) ಹೊರವ್ಯಾಸ 200, ಒಳವ್ಯಾಸ 140 ಮಿ.ಮೀ. ಘರ್ಷಣಾಂಕ 0.25, ಸುರಕ್ಷತಾಂಕ 1.3 ಹಿಡಿದರೆ ಪ್ಲೇಟನ್ನು ಒತ್ತಿಹಿಡಿಯಲು ಸುಮಾರು 4000 ನ್ಯೂಟನ್ ಬಲ (ಲೋಡ್) ಬೇಕು. ಆ ಬಲ ಕೊಡುವ ಡಯಾಫ್ರಂ ಸ್ಪ್ರಿಂಗ್ ಶಂಕುವಿನಾಕಾರದ ಉಕ್ಕಿನ ತಟ್ಟೆ, ಒಳಭಾಗವನ್ನು ಸೀಳಿ ಬೆರಳುಗಳಂತೆ ಮಾಡಿದ್ದು. ಅದರ ಹೊರತ್ರಿಜ್ಯ 90, ಸೀಳಿನ ಬುಡದಲ್ಲಿ 70, ದಪ್ಪ 2.2, ಶಂಕುವಿನ ಎತ್ತರ 5.3 ಮಿ.ಮೀ. ಹೊಸದರಲ್ಲಿ ಚಪ್ಪಟೆಯಾಗಿ ಕೂತಾಗ 4200 ಬರುತ್ತದೆ. 2 ಮಿ.ಮೀ. ಸವೆದ ಮೇಲೆ 6500 ದಾಟುತ್ತದೆ! ಸವೆದರೆ ಬಲ ಇಳಿಯಬೇಕಲ್ಲವೇ ಸರ್?

ಉತ್ತರ 1:
ಲೆಕ್ಕ ಸರಿಯಾಗಿದೆ. ಇಳಿಯುವುದು ಕಾಯಿಲ್ ಸ್ಪ್ರಿಂಗಿನಲ್ಲಿ. ಡಯಾಫ್ರಂನಲ್ಲಿ ಒತ್ತುತ್ತ ಹೋದಂತೆ ಲೋಡ್ ಏರಿ, ಶಿಖರ ಮುಟ್ಟಿ, ಕಣಿವೆಗಿಳಿದು ಮತ್ತೆ ಏರುತ್ತದೆ. ಸವೆದಂತೆ ಸ್ಪ್ರಿಂಗ್ ಚಪ್ಪಟೆ ಸ್ಥಿತಿಯಿಂದ ಶಿಖರದ ಕಡೆಗೆ ಹಿಂದೆ ಸರಿಯುತ್ತದೆ. ನಿಮ್ಮ ತೊಂದರೆ ಇರುವುದು ಎತ್ತರ ಮತ್ತು ದಪ್ಪದ ಅನುಪಾತದಲ್ಲಿ. 2.4 ತೀರಾ ಹೆಚ್ಚು. ಕಣಿವೆಯಲ್ಲಿ ಬರೀ 1700 ನ್ಯೂಟನ್ ಉಳಿಯುತ್ತದೆ, ಪೆಡಲ್ ಅರ್ಧಕ್ಕೆ ಹೋದಾಗ ಕುಸಿದಂತಾಗುತ್ತದೆ. 2.83 ದಾಟಿದರೆ ಸ್ಪ್ರಿಂಗ್ ಮಗುಚಿಕೊಂಡು ವಾಪಸ್ಸೇ ಬರುವುದಿಲ್ಲ.

ದಪ್ಪ 2.4, ಎತ್ತರ 4.1 ಮಾಡಿ. ಚಪ್ಪಟೆ ಸ್ಥಿತಿಯ ಲೋಡ್ ದಪ್ಪದ ಘನ ಗುಣಿಲೆ ಎತ್ತರದಂತೆ ಬದಲಾಗುವುದರಿಂದ ಅದು 4200ರಲ್ಲೇ ನಿಲ್ಲುತ್ತದೆ. ಶಿಖರ 1.3 ಮಿ.ಮೀ. ಸವೆತದಲ್ಲಿ, ಏರಿಕೆ ಶೇ 10 ಮಾತ್ರ. 2.3 ಮಿ.ಮೀ. ಸವೆದಾಗ ಲೋಡ್ ಮತ್ತೆ ಹೊಸದರಷ್ಟೇ. ಕಣಿವೆ ಚಪ್ಪಟೆಯಿಂದಾಚೆ 1.3ರಲ್ಲಿ ಬರುವುದರಿಂದ 1.5 ಮಿ.ಮೀ. ಲಿಫ್ಟ್‌ಗೆ (ಕ್ಲಚ್ ಬಿಡಿಸಲು ಒತ್ತುವ ಪ್ಲೇಟ್ ಹಿಂದೆ ಸರಿಯುವ ದೂರ) ಪೆಡಲ್ ಹಗುರವಾಗಿಯೇ ಇರುತ್ತದೆ.

ಉತ್ತರ 2:
ಮೇಲಿನ ಲೆಕ್ಕ ಸೀಳಿಲ್ಲದ ಹೊರಬಳೆಗೆ ಮಾತ್ರ ಅನ್ವಯ, ಬೆರಳುಗಳು ಬರೀ ಸನ್ನೆಕೋಲು. ಡ್ರಾಯಿಂಗಿನಲ್ಲಿ ದಪ್ಪದ ಟಾಲರೆನ್ಸ್ (ಅನುಮತಿಸುವ ವ್ಯತ್ಯಾಸ) ಬಿಗಿಯಾಗಿರಲಿ: 0.05 ಮಿ.ಮೀ. ವ್ಯತ್ಯಾಸಕ್ಕೆ ಲೋಡ್ ಶೇ 6ರಷ್ಟು ಅಲ್ಲಾಡುತ್ತದೆ. ಬಿರುಕು ಹುಟ್ಟುವುದು ಸೀಳಿನ ಬುಡದಲ್ಲಿ. ಪೆಡಲ್ ಒತ್ತಿದಾಗ ಬೆರಳು ಬಾಗುವ ಒತ್ತಡವೂ ಅಲ್ಲೇ ಸೇರುತ್ತದೆ. ಚೂಪು ಮೂಲೆ ಬಿಡದೆ ಅಗಲದ ದುಂಡು ಕಿಂಡಿ ಕೊಡಿ, ಅಂಚಿನ ಬರ್ (ಚೂಪು ಮುಳ್ಳು) ತೆಗೆಸಿ, ಶಾಟ್ ಪೀನಿಂಗ್ (ಸಣ್ಣ ಗುಂಡುಗಳಿಂದ ಮೇಲ್ಮೈ ಬಡಿಯುವುದು) ಮಾಡಿಸಿ. ಹದ ಮಾಡಿದ ಮೇಲೆ ಚಪ್ಪಟೆಯಿಂದಾಚೆಗೂ ಹಲವು ಸಲ ಒತ್ತಿ, ಎತ್ತರ ಕೊಂಚ ಕುಗ್ಗಿ ಸ್ಥಿರವಾಗುವಂತೆ ಸೆಟ್ ಮಾಡಲೇಬೇಕು. ಇಲ್ಲದಿದ್ದರೆ ಆ ಕುಗ್ಗುವಿಕೆ ಗಾಡಿಯಲ್ಲಿ ನಡೆದು ಲೋಡ್ ಇಳಿಯುತ್ತದೆ, ಕ್ಲಚ್ ಸ್ಲಿಪ್ ಆಗುತ್ತದೆ. ಬೇರಿಂಗ್ ಉಜ್ಜುವ ಬೆರಳ ತುದಿಗೆ ಮಾತ್ರ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಸುರುಳಿಯಿಂದ ಕಾಯಿಸಿ ಗಡಸುಗೊಳಿಸುವುದು) ಸಾಕು.

ಪ್ರಶ್ನೆ ಕೇಳಿದವರು:
2.4 ಮತ್ತು 4.1 ಹಾಕಿ ನೋಡಿದೆ. 2 ಮಿ.ಮೀ. ಸವೆತಕ್ಕೆ ಈಗ 4450 ನ್ಯೂಟನ್. ಶಂಕುವಿನ ಕೋನವೂ 15 ಡಿಗ್ರಿಯಿಂದ 11.6ಕ್ಕೆ ಇಳಿಯಿತು. ಇಬ್ಬರಿಗೂ ಧನ್ಯವಾದ.