‘ನಮ್ಮ ಬ್ರೂನೋ ಏನೂ ಮಾಡಲ್ಲ’

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಕೆರೆಕೋಡಿ ಮನೆ’. 34 ಜನ ಇದ್ದೇವೆ. ಅರ್ಧ ಜನ ಹಾಸನದಲ್ಲಿ, ಉಳಿದವರು ಸಕಲೇಶಪುರ, ಬೆಂಗಳೂರು, ಅಮೆರಿಕ. ಅಡ್ಮಿನ್ ನಾನು. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ. ದಿನಾ ಬರುವುದು ಗುಡ್ ಮಾರ್ನಿಂಗ್ ಹೂವು, ಪಂಚಾಂಗ, ಯಾರದೋ ಮಗುವಿನ ಬರ್ತ್‌ಡೇ. ಕಳೆದ ಭಾನುವಾರ ಮಾತ್ರ ಬೆಳಿಗ್ಗೆ 7:40ಕ್ಕೆ ದೊಡ್ಡಪ್ಪ ಒಂದು ವಿಡಿಯೊ ಹಾಕಿದರು. ರಾತ್ರಿ ಹತ್ತೂವರೆವರೆಗೂ ಫೋನು ತಣ್ಣಗಾಗಲಿಲ್ಲ. ಅದರಲ್ಲಿ ಕೆಲವು ಮೆಸೇಜುಗಳನ್ನು ಇಲ್ಲಿ ಹಾಕುತ್ತಿದ್ದೇನೆ. ಎಲ್ಲರನ್ನೂ ಕೇಳಿಯೇ ಹಾಕಿದ್ದು, ಶಾರದತ್ತೆಯೊಬ್ಬರನ್ನು ಬಿಟ್ಟು. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ವಿಡಿಯೊ ಇರುವುದು 40 ಸೆಕೆಂಡು. ಹಾಸನದ ಒಂದು ಬಡಾವಣೆಯ ಪಾರ್ಕು. ಐವತ್ತೈದು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಗಿಡದ ಪಕ್ಕ ನಿಂತಿದ್ದಾರೆ. ಹುಲ್ಲಿನ ಕಡೆಯಿಂದ ಕಂದು ಬಣ್ಣದ ಲ್ಯಾಬ್ (ಲ್ಯಾಬ್ರಡಾರ್) ನಾಯಿ ಬಾಣದ ಹಾಗೆ ಬರುತ್ತದೆ. ಹಗ್ಗ ಇಲ್ಲ, ಚೈನಿಲ್ಲ. ಆಕೆ ಕಿರುಚಿ ಹಿಂದೆ ಹಾರುತ್ತಾರೆ, ಬೆಂಚಿಗೆ ತಾಗಿ ಹೇಗೋ ನಿಲ್ಲುತ್ತಾರೆ. ಕವರಿನಲ್ಲಿದ್ದ ಕಣಗಿಲೆ ಹೂವೆಲ್ಲ ನೆಲಕ್ಕೆ. ನಾಯಿ ಬಾಲ ಅಲ್ಲಾಡಿಸುತ್ತಾ ಹೂ ಮೂಸುತ್ತದೆ. ದೂರದಿಂದ ಒಂದು ಗಂಡು ಧ್ವನಿ: “ಏನೂ ಮಾಡಲ್ಲ ಆಂಟಿ, ಏನೂ ಮಾಡಲ್ಲ!”

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಎಲ್ಲರೂ ನೋಡಿ. ಆ ಹೆಣ್ಣುಮಗಳು ಬಿದ್ದು ಸೊಂಟ ಮುರಿದುಕೊಂಡಿದ್ದರೆ ಯಾರು ಹೊಣೆ? ನಾಯಿ ಸಾಕುವುದು ಶೋಕಿಯಾಗಿದೆ. ಇಂಥವರನ್ನು ಒಂದು ದಿನ ಸ್ಟೇಷನ್ನಿನಲ್ಲಿ ಕೂರಿಸಬೇಕು.

ಶಾರದತ್ತೆ: ಅಯ್ಯೋ ಪಾಪ. ಹೂವೆಲ್ಲ ಚೆಲ್ಲಿಹೋಯಿತಲ್ಲ.

ಲಾಯರ್ ಭಾವ: ಸ್ಟೇಷನ್ ವಿಷಯ ಕಾಫಿ ಕುಡಿದು ಹೇಳುತ್ತೇನೆ.

ಅಷ್ಟರಲ್ಲಿ ನನ್ನ ಕಸಿನ್ ಕಿರಣನ ಹೆಂಡತಿಯ ನಂಬರಿನಿಂದ ಒಂದು ಮೆಸೇಜು ಬಂತು. ಬರೆದದ್ದು ಅವಳಲ್ಲ, ಒಂಬತ್ತು ವರ್ಷದ ಮಗಳು. “ದೊಡ್ಡಜ್ಜ ಇದು ನಮ್ಮ ಬ್ರೂನೋ!!” ಜೊತೆಗೆ ಮೂರು ಕೆಂಪು ಹಾರ್ಟ್. ಅರ್ಧ ನಿಮಿಷದಲ್ಲಿ ಯಾರೋ ಅದನ್ನು ಅಳಿಸಿದರು. ಆದರೆ ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಆಮೇಲೆ ಹನ್ನೊಂದು ನಿಮಿಷ ಯಾರೂ ಮಾತಾಡಲಿಲ್ಲ. ನಮ್ಮ ಗುಂಪಿನಲ್ಲಿ ಅದು ದಾಖಲೆ.

ದೊಡ್ಡಪ್ಪ: ಕಿರಣ, ಇದು ನಿನ್ನ ನಾಯಿಯೇನೋ?

ಕಿರಣ: ಹೌದು ದೊಡ್ಡಪ್ಪ. ಆದರೆ ವಿಡಿಯೊ ಅಲ್ಲಿಗೇ ನಿಂತಿದೆ. ಆಮೇಲೆ ನಾನೇ ಹೋಗಿ ಸಾರಿ ಕೇಳಿದೆ, ಹೂ ಆರಿಸಿಕೊಟ್ಟೆ. ಅದನ್ನು ಯಾರೂ ಶೂಟ್ ಮಾಡಿಲ್ಲ. ನಮ್ಮ ಬ್ರೂನೋ ಏನೂ ಮಾಡಲ್ಲ. ನಾಲ್ಕು ವರ್ಷದಲ್ಲಿ ಒಬ್ಬರಿಗೂ ಹಲ್ಲು ತಾಗಿಸಿಲ್ಲ. ಆಟಕ್ಕೆ ಓಡುತ್ತಾನೆ, ಅಷ್ಟೇ.

ದೊಡ್ಡಪ್ಪ: ಆಟಕ್ಕೆ ಅಂತ ಅದರ ಹಣೆ ಮೇಲೆ ಬರೆದಿರುತ್ತಾ?

ಮಾತು ಚುಚ್ಚುವಂಥದ್ದೇ. ಆದರೆ ಇಲ್ಲಿ ನಾನು ದೊಡ್ಡಪ್ಪನ ಕಡೆ. ಬ್ರೂನೋ ಸ್ವಭಾವ ಕಿರಣನಿಗೆ ಗೊತ್ತು, ನನಗೂ ಗೊತ್ತು. ನಾನು ಹೋದರೆ ಚಪ್ಪಲಿ ಕಚ್ಚಿಕೊಂಡು ಬಂದು ಮಡಿಲಿಗೆ ಹಾಕುತ್ತಾನೆ. ಆ ಹೆಂಗಸಿಗೆ ಗೊತ್ತಿಲ್ಲವಲ್ಲ. ಅವರಿಗೆ ಕಂಡದ್ದು ತಮ್ಮ ಕಡೆಗೆ ಓಡಿ ಬರುತ್ತಿರುವ ಮೂವತ್ತು ಕೆಜಿ.

ಇಷ್ಟು ಹೊತ್ತಿಗೆ ತೋಟದ ಚಿಕ್ಕಪ್ಪ ಎದ್ದರು.

ತೋಟದ ಚಿಕ್ಕಪ್ಪ: ಸರಿ, ಕಟ್ಟಿ ಹಾಕಿದ್ದು ನಾಯಿಯೇನು? ನಮ್ಮಲ್ಲಿ ಐದಿವೆ. ಒಂದಕ್ಕೂ ಚೈನಿಲ್ಲ. ಕುತ್ತಿಗೆಗೆ ಮುಳ್ಳಿನ ಪಟ್ಟಿ ಮಾತ್ರ ಹಾಕಿದ್ದೇನೆ, ಕುರ್ಕ (ಚಿರತೆ) ಬಂದು ಕುತ್ತಿಗೆಗೆ ಬಾಯಿ ಹಾಕದಿರಲಿ ಅಂತ. ಪೇಟೆಯವರಿಗೆ ನಾಯಿ ಅಂದರೆ ಪೆಟ್ಟಿಗೆಯಲ್ಲಿಡುವ ಗೊಂಬೆ.

ದೊಡ್ಡಪ್ಪ: ಅದು ನಿನ್ನ ತೋಟ ಕಣಪ್ಪ. ಇದು ನಾಲ್ಕು ಜನ ಓಡಾಡುವ ಜಾಗ.

ಅನು (ನನ್ನ ತಂಗಿ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೊನೆಯ ವರ್ಷ): ಚಿಕ್ಕಪ್ಪ, ಹೋದ ವರ್ಷ ನಿಮ್ಮ ಕರಿಯ ಕೊರಿಯರ್ ಹುಡುಗನ ಪ್ಯಾಂಟು ಹರಿದಿತ್ತಲ್ಲ?

ತೋಟದ ಚಿಕ್ಕಪ್ಪ: ಅವನು ಹಾರ್ನ್ ಮಾಡದೆ ಬಂದ.

ನಡುವೆ ಫಾರ್ವರ್ಡುಗಳ ಮಳೆ. ಬೆಂಗಳೂರಿನ ಒಬ್ಬ ಭಾಮೈದ ‘ಲ್ಯಾಬ್ ಸೇರಿ ಎಲ್ಲ ಫಾರಿನ್ ನಾಯಿ ಬ್ಯಾನ್’ ಅಂತ ಒಂದು ಕಾರ್ಡು ಹಾಕಿದ. ಇನ್ನೊಬ್ಬರು ‘ಎಲ್ಲ ನಾಯಿ ಹಿಡಿಯಿರಿ ಅಂತ ಸುಪ್ರೀಂ ಕೋರ್ಟೇ ಹೇಳಿದೆ’ ಅಂದರು. ಭಾವನ ಕಾಫಿ ಮುಗಿದಿತ್ತು.

ಲಾಯರ್ ಭಾವ: ಓದಿ ಫಾರ್ವರ್ಡ್ ಮಾಡ್ರಪ್ಪ. 2024ರ ಮಾರ್ಚ್‌ನಲ್ಲಿ ಕೇಂದ್ರದವರು 23 ತಳಿಗಳ ಮೇಲೆ ನಿಷೇಧ ಅಂತ ಸುತ್ತೋಲೆ ಕಳಿಸಿದ್ದು ನಿಜ. ಅದರಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಇದ್ದವು. ಲ್ಯಾಬ್ರಡಾರ್ ಇರಲಿಲ್ಲ. ಆ ಸುತ್ತೋಲೆಯನ್ನೂ ನಮ್ಮ ಹೈಕೋರ್ಟು ಏಪ್ರಿಲ್‌ನಲ್ಲೇ ರದ್ದು ಮಾಡಿತು. ಇನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದ್ದೆಲ್ಲ ಬೀದಿನಾಯಿಗಳ ಬಗ್ಗೆ. ಆಗಸ್ಟ್ 11ಕ್ಕೆ ದೆಹಲಿ ಸುತ್ತಮುತ್ತಲ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಹಾಕಿ ಅಂದರು. 22ಕ್ಕೆ ಬದಲಾಯಿಸಿ, ಮರಿ ಆಗದ ಹಾಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಇದ್ದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದದ್ದು ಮತ್ತು ಮೈಮೇಲೆ ಬೀಳುವಂಥದ್ದನ್ನು ಮಾತ್ರ ಬಿಡಬೇಡಿ ಅಂದರು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡಿನಂಥ ಜಾಗದಿಂದ ಹಿಡಿದವನ್ನು ವಾಪಸ್ ಬಿಡಬಾರದು ಅಂದರು. ಬ್ರೂನೋಗೂ ಇದಕ್ಕೂ ಸಂಬಂಧ ಇಲ್ಲ. ಬ್ರೂನೋ ವಿಷಯ ಬರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿಗೆ. ತನ್ನ ಹತ್ತಿರ ಇರುವ ಪ್ರಾಣಿಯಿಂದ ಜೀವಕ್ಕೋ ದೊಡ್ಡ ಗಾಯಕ್ಕೋ ಕಾರಣವಾಗುವ ಹಾಗಿದ್ದೂ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಹಳೆ ಕಾಯ್ದೆಯಲ್ಲಿ ದಂಡ 1,000 ಇತ್ತು.

ಕಿರಣ: ಅಂದರೆ ಹೂ ಚೆಲ್ಲಿದ್ದಕ್ಕೆ ಕೇಸಿಲ್ಲ ಅಲ್ವಾ ಭಾವ?

ಲಾಯರ್ ಭಾವ: ಹೂವಿಗೆ ಇಲ್ಲ. ಆಕೆ ಬೆಂಚು ಸಿಗದೆ ಬಿದ್ದಿದ್ದರೆ ನಿನಗೆ ಲಾಯರ್ ಬೇಕಾಗುತ್ತಿತ್ತು. ಮನೆಯವರು ಅಂತ ಫೀಸು ಕಮ್ಮಿ ಮಾಡುವುದಿಲ್ಲ.

ಎಲ್ಲರೂ ನಕ್ಕರು. ಕಿರಣನಿಗೆ ಮಾತ್ರ ನಗು ಬರಲಿಲ್ಲ ಅಂತ ಕಾಣುತ್ತದೆ. ಒಂದು ತಾಸಿನ ಮೇಲೆ ಉದ್ದದ ಮೆಸೇಜು ಹಾಕಿದ. ಅದನ್ನು ಪೂರ್ತಿ ಕೊಡುತ್ತೇನೆ. ಇಷ್ಟು ದಿನ ನಾನು ಆ ಕಡೆಯಿಂದ ಯೋಚನೆಯೇ ಮಾಡಿರಲಿಲ್ಲ.

ಕಿರಣ: ಎಲ್ಲರೂ ಕಟ್ಟು ಕಟ್ಟು ಅನ್ನುತ್ತೀರಿ. ಎಲ್ಲಿ ಓಡಿಸಲಿ ಹೇಳಿ. ನನ್ನದು 30-40 ಸೈಟು. ಮನೆ, ಕಾರು, ಸಂಪು ಕಳೆದು ಉಳಿದ ಜಾಗದಲ್ಲಿ ಅವನು ಒಂದು ಸುತ್ತು ತಿರುಗಲು ಆಗುವುದಿಲ್ಲ. ರೋಡಿಗೆ ಹೋದರೆ ತಿರುವಿಗೊಂದು ಬೀದಿನಾಯಿ ಗುಂಪು. ಮಹಾರಾಜ ಪಾರ್ಕಿನ ಕಡೆ ಮಕ್ಕಳು, ಜನ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೇ ಅಂತ ಬೇಲಿ ಹಾಕಿದ ಜಾಗ ಇದೆ. ನಮ್ಮೂರಲ್ಲಿ ಯಾರಾದರೂ ಅದನ್ನು ಕೇಳಿದ್ದೇವಾ? ಲ್ಯಾಬ್ ಓಡದಿದ್ದರೆ ಸೋಫಾ ಹರಿಯುತ್ತದೆ, ದಪ್ಪ ಆಗುತ್ತದೆ, ಕೀಲು ಹಿಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಹೋದರೆ ಯಾರೂ ಇರಲ್ಲ ಅಂತ ಹೋಗುತ್ತೇನೆ. ಅವತ್ತು ಆಕೆ ಇದ್ದರು. ಇನ್ನೊಂದು ಮಾತು ದೊಡ್ಡಪ್ಪ, ಬೇಜಾರಾಗಬೇಡಿ. ಅದೇ ಪಾರ್ಕಿನ ಮೂರು ಬೀದಿನಾಯಿಗೆ ನೀವು ದಿನಾ ಪಾರ್ಲೆ-ಜಿ ಹಾಕುತ್ತೀರಲ್ಲ. ಅವಕ್ಕೆ ಯಾವ ಚೈನಿದೆ?

ದೊಡ್ಡಪ್ಪ ‘ಟೈಪಿಂಗ್’ ಅಂತ ತುಂಬಾ ಹೊತ್ತು ತೋರಿಸುತ್ತಿತ್ತು. ಅವರು ಒಂದೇ ಬೆರಳಲ್ಲಿ ಕುಟ್ಟುವುದು.

ದೊಡ್ಡಪ್ಪ: ಅವಕ್ಕೆ ಯಜಮಾನ ಇಲ್ಲ. ಬ್ರೂನೋಗೆ ನೀನಿದ್ದೀಯ.

ಆ ನಾಯಿಗಳು ಜನರನ್ನು ನೋಡಿದರೆ ಪಕ್ಕಕ್ಕೆ ಸರಿಯುತ್ತವೆ ಅನ್ನುವುದೂ ನಿಜ, ಅವುಗಳಲ್ಲೇ ಒಂದು ಹೋದ ತಿಂಗಳು ಸ್ಕೂಟರಿನ ಹಿಂದೆ ಓಡಿದ್ದೂ ನಿಜ. ದೊಡ್ಡಪ್ಪನಿಗೆ ಅದು ಗೊತ್ತು. ಹೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ನ್ಯೂಜೆರ್ಸಿಯ ಶೋಭಕ್ಕನಿಗೆ ಅಲ್ಲಿ ನಡುರಾತ್ರಿ. ಆದರೂ ಬಂದಳು.

ಶೋಭಕ್ಕ: ಇಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಟೈಮ್ ಇಟ್ಟಿದ್ದಾರೆ. ಬೆಳಿಗ್ಗೆ 6ರಿಂದ 9, ರಾತ್ರಿ 9ರಿಂದ 1. ಆ ಹೊತ್ತಲ್ಲಿ ಕೆಲವು ಜಾಗದಲ್ಲಿ ನಾಯಿಯನ್ನು ಬಿಡಬಹುದು. ಉಳಿದ ಹೊತ್ತು ಹಗ್ಗ ಇರಲೇಬೇಕು. ಮಕ್ಕಳು ಆಡುವ ಜಾಗಕ್ಕಂತೂ ಯಾವಾಗಲೂ ಇಲ್ಲ. ಲೈಸೆನ್ಸು, ರೇಬೀಸ್ ಲಸಿಕೆಯ ದಾಖಲೆ ಜೊತೆಯಲ್ಲಿರಬೇಕು. ನಾಯಿ ಇಲ್ಲದವರು ಆ ಟೈಮ್ ಬಿಟ್ಟು ಬರುತ್ತಾರೆ. ಜಗಳ ಇಲ್ಲವೇ ಇಲ್ಲ ಅಂತಲ್ಲ, ಇದೆ. ಆದರೆ ಕಮ್ಮಿ.

ದೊಡ್ಡಪ್ಪ: ನಮ್ಮ ವಾಕಿಂಗ್ ಟೈಮೇ ಆರರಿಂದ ಒಂಬತ್ತು ಕಣಮ್ಮ. ನಾವು ಮಧ್ಯಾಹ್ನ ನಡೆಯಬೇಕಾ?

ಇದಕ್ಕೆ ಉತ್ತರ ಬಂದದ್ದು ತೋಟದಿಂದ, ಚಿಕ್ಕಪ್ಪನ ಫೋನಿನಲ್ಲಿ ಅಜ್ಜಿಯ ವಾಯ್ಸ್ ಮೆಸೇಜು. ಹಿಂದೆ ಕುಕ್ಕರ್ ಕೂಗುತ್ತಿತ್ತು. “ಶೋಭಾ, ನಿಮ್ಮಜ್ಜನೂ ಹಂಗೇ ಕಣೇ ಮಾಡ್ತಿದ್ದಿದ್ದು. ಹಗಲು ಕಟ್ಟೋದು, ದೀಪ ಹಚ್ಚಿದ ಮೇಲೆ ಬಿಡೋದು. ಹಾಲು ಹಾಕೋನು ಬರೋ ಹೊತ್ತಿಗೆ ಮತ್ತೆ ಕಟ್ಟೋದು. ಇದನ್ನ ಕಲಿಯೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ?”

ಚಿಕ್ಕಪ್ಪ ಅದನ್ನು ಕೇಳದೆ ಕಳಿಸಿರಬೇಕು. ‘ಕಟ್ಟಿ ಹಾಕಿದ್ದು ನಾಯಿಯೇನು’ ಅಂದವರ ಮನೆಯಿಂದಲೇ ಈ ಸಾಕ್ಷಿ. ಭಾವ ಕೂಡಲೇ ‘ನೋಟೆಡ್’ ಅಂತ ಹಾಕಿದರು.

ಸಂಜೆ ನಾಲ್ಕರ ಸುಮಾರಿಗೆ ಅಮ್ಮ ಬರೆದರು. ಅಮ್ಮ ಗುಂಪಿನಲ್ಲಿ ಬರೆಯುವವರಲ್ಲ. ಹುಟ್ಟಿದ ಹಬ್ಬಕ್ಕೆ ಒಂದು ಕೈ ಮುಗಿಯುವ ಚಿತ್ರ, ಅಷ್ಟೇ.

ಅಮ್ಮ: ಕಿರಣ, ನನಗೆ ಎಂಟು ವರ್ಷ ಇದ್ದಾಗ ನಾಯಿ ಕಚ್ಚಿತ್ತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕಿದ್ದರು. ಅದು ಬೀದಿನಾಯಿ ಅಲ್ಲ, ಪಕ್ಕದ ಮನೆಯವರು ಸಾಕಿದ್ದು. ಏನೂ ಮಾಡಲ್ಲ ಬಾ ಅಂತ ಅವರೇ ಕರೆದಿದ್ದರು.

ನಾನು ಅಡುಗೆಮನೆಗೆ ಹೋದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ರಸ್ತೆಯಲ್ಲಿ ನಾಯಿ ಕಂಡರೆ ಅಮ್ಮ ಆ ಬದಿಗೆ ದಾಟುವುದು ನನಗೆ ಚಿಕ್ಕಂದಿನಿಂದ ಗೊತ್ತು. ನಾವು ಅದನ್ನು ತಮಾಷೆ ಮಾಡುತ್ತಿದ್ದೆವು. ಕಿರಣನ ಮನೆಗೆ ಬರಲು ಯಾವಾಗಲೂ ಏನೋ ಒಂದು ನೆಪ ಹೇಳುವುದು ಯಾಕೆ ಅಂತಲೂ ಅವತ್ತೇ ಹೊಳೆದದ್ದು. “ಇಷ್ಟು ದಿನ ಯಾಕೆ ಹೇಳಲಿಲ್ಲ?” ಅಂದೆ. “ನೀವು ಕೇಳಿದ್ದು ಯಾವಾಗ? ನಕ್ಕಿದ್ದೇ ಅಲ್ವಾ” ಅಂದರು. ಸೊಪ್ಪಿನಿಂದ ತಲೆ ಎತ್ತಲಿಲ್ಲ.

ಗುಂಪಿನಲ್ಲಿ ಅನು ಮಾತು ಮುಂದುವರಿಸಿದ್ದಳು.

ಅನು: ಅಮ್ಮ ಹೇಳಿದ ಆ ಹೊಟ್ಟೆಯ ಇಂಜೆಕ್ಷನ್ ಈಗಿಲ್ಲ. 2004ರ ಕೊನೆಗೆ ದೇಶದಲ್ಲೇ ನಿಲ್ಲಿಸಿದರು. ಈಗ ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಆದರೆ ಕಿರಣಣ್ಣ, ‘ಹಲ್ಲು ತಾಗಿಸಿಲ್ಲ’ ಅಂದರೆ ಸಾಲದು. ಉಗುರು ಗೀರಿ ರಕ್ತ ಬರದಿದ್ದರೂ ಲಸಿಕೆ ಬೇಕು. ರಕ್ತ ಬಂದರೆ ಲಸಿಕೆ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಕೂಡಲೇ ಕೆಲಸ ಮಾಡುವ ಸಿದ್ಧ ಪ್ರತಿಕಾಯ, ಕೊಡಬೇಕು. ಬ್ರೂನೋ ಆಟಕ್ಕೆ ಮುಂಗಾಲು ಎತ್ತಿ ಹಾರಿದರೂ ಆಕೆ ನಾಲ್ಕು ಸಲ ಆಸ್ಪತ್ರೆಗೆ ಅಲೆಯಬೇಕು. ನಿಮ್ಮ ಲಸಿಕೆ ಪುಸ್ತಕ ಅವರ ಕೈಯಲ್ಲಿರುತ್ತಾ? ರೇಬೀಸ್ ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಹೆದರುತ್ತಾರೆ. ಯಾರಿಗಾದರೂ ಕಚ್ಚಿದರೆ ಮೊದಲು ಸೋಪು ಹಾಕಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಏನೂ ಬೇಡ. ಶಾರದತ್ತೆ, ಇದು ನಿಮಗೆ.

ಶಾರದತ್ತೆ: ನಾನೇನು ಹೇಳಿದೆ ಈಗ?

ಅನು: ಇನ್ನೊಂದು. ಹಗ್ಗ ಇರುವುದು ಬ್ರೂನೋಗೂ ಒಳ್ಳೆಯದು. ಆ ಮೂರು ಬೀದಿನಾಯಿಗಳಿಗೆ ಪಾರ್ಕು ಅವರ ಏರಿಯಾ. ಇವನು ಕುಣಿದುಕೊಂಡು ಹೋದರೆ ಮೂರೂ ಸೇರಿ ಹರಿಯುತ್ತವೆ. ನಮ್ಮ ಕಾಲೇಜಿಗೆ ಹೊಲಿಗೆ ಹಾಕಿಸಲು ಬರುವ ಸಾಕುನಾಯಿಗಳಲ್ಲಿ ಇಂಥವು ಜಾಸ್ತಿ.

ಕಿರಣ ಏನೂ ಬರೆಯಲಿಲ್ಲ. ಎರಡು ನೀಲಿ ಗೆರೆ ಮಾತ್ರ. ಎಂಟು ಗಂಟೆಗೆ ನನಗೊಬ್ಬನಿಗೇ ಮೆಸೇಜು ಹಾಕಿದ. “ಅನುವನ್ನು ಕೇಳು, ಹತ್ತು ಮೀಟರ್ ಹಗ್ಗ ಸಿಗುತ್ತಂತಲ್ಲ, ನಾಯಿ ಓಡಾಡಬಹುದು, ಹಿಡಿತವೂ ಇರುತ್ತೆ ಅಂತ. ನಾನು ಕೇಳಿದೆ ಅನ್ನಬೇಡ. ದೊಡ್ಡಮ್ಮನಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.” ಅನು ಹೇಳಿದಳು: ಸಿಗುತ್ತದೆ, ಆದರೆ ‘ಬಾ’ ಅಂದರೆ ಬರುವುದನ್ನು ಮೊದಲು ಕಲಿಸಲಿ, ಅಳಿಲು ಕಂಡಾಗಲೂ ಬರಬೇಕು. ಅವನ ದೊಡ್ಡಮ್ಮನಿಗೆ, ಅಂದರೆ ನಮ್ಮಮ್ಮನಿಗೆ, ಏನು ಹೇಳಬೇಕು ಅನ್ನುವುದು ನನಗೂ ತಿಳಿಯಲಿಲ್ಲ. ನನ್ನದೇ ಬಾಕಿ ಇತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. 10:12ಕ್ಕೆ ಮತ್ತೆ ಕಿರಣನ ಹೆಂಡತಿಯ ನಂಬರು.

“ದೊಡ್ಡಜ್ಜ, ಆ ಆಂಟಿ ಪಾರ್ಕಿನ ಹೂ ಯಾಕೆ ಕಿತ್ತರು? ಬೋರ್ಡಿನಲ್ಲಿ ಹೂ ಕೀಳಬಾರದು ಅಂತ ಇದೆ.”

ಬೆಳಿಗ್ಗೆಯಿಂದ 34 ಜನ ಆ ವಿಡಿಯೊ ನೋಡಿದ್ದೆವು. ಒಬ್ಬರಿಗೂ ಇದು ಕಂಡಿರಲಿಲ್ಲ.

ಶಾರದತ್ತೆ: ದೇವರಿಗೆ ತಾನೇ ಪುಟ್ಟಿ. ಗಿಡದಲ್ಲೇ ಬಾಡಿ ಬೀಳುವುದಕ್ಕಿಂತ ಒಳ್ಳೆಯದಲ್ವಾ.

ದೊಡ್ಡಪ್ಪ: ಶಾರದ, ನೀನೂ ಕೀಳುತ್ತೀಯೇನೇ?

ಶಾರದತ್ತೆ: ಎಲ್ಲರೂ ಕೀಳುತ್ತಾರೆ ಅಣ್ಣ.

ದೊಡ್ಡಪ್ಪ: ಇವನೂ ಅದನ್ನೇ ಹೇಳಿದ್ದು. ಎಲ್ಲರೂ ನಾಯಿ ಬಿಡುತ್ತಾರೆ ಅಂತ.

ಕಿರಣ: ನಾನು ಹಾಗೆ ಹೇಳಲೇ ಇಲ್ಲ ದೊಡ್ಡಪ್ಪ.

ಲಾಯರ್ ಭಾವ: ಹೂವಿನ ಸೆಕ್ಷನ್ ನಾಳೆ ನೋಡಿ ಹೇಳುತ್ತೇನೆ.

10:31ಕ್ಕೆ ಶಾರದತ್ತೆ ಗುಂಪು ಬಿಟ್ಟರು. ಬೆಳಿಗ್ಗೆ ಫೋನ್ ಮಾಡಿ, ಅರ್ಧ ಗಂಟೆ ಬೈಸಿಕೊಂಡು, ಮತ್ತೆ ಸೇರಿಸಿದೆ. ಸೇರಿದ ಕೂಡಲೇ ಒಂದು ಗುಡ್ ಮಾರ್ನಿಂಗ್ ಹಾಕಿದರು. ತಟ್ಟೆ ತುಂಬ ಕಣಗಿಲೆ ಹೂವು, ಇನ್ನೂ ನೀರ ಹನಿ ಆರಿರಲಿಲ್ಲ. ಎಲ್ಲಿಯದು ಅಂತ ಯಾರೂ ಕೇಳಲಿಲ್ಲ.